ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ

ಹಾಸ್ಟೆಲ್ ರೂಮಿನ ಎಲೆಕ್ಟ್ರಿಕ್ ಕೆಟಲ್ ಒಳಗೆ ಒಂದ್ಸಲ ಇಣುಕಿ ನೋಡಿ. (ವಾರ್ಡನ್ ಸರ್ ಓದುತ್ತಿದ್ದರೆ: ಇದು ಪಕ್ಕದ ರೂಮಿನ ಕೆಟಲ್.) ತಳದಲ್ಲಿ ಬಿಳಿ ಬಿಳಿ ಚಕ್ಕೆ ಕೂತಿರುತ್ತೆ. ನನ್ನ ರೂಮ್‌ಮೇಟ್ ಮೊದಲ ಸಲ ನೋಡಿದಾಗ "ಲೋ, ಫಂಗಸ್ ಬಂದಿದೆ ಕಣೋ" ಅಂತ ಹೇಳಿ ಮ್ಯಾಗಿ ಮಾಡೋದನ್ನೇ ಬಿಟ್ಟಿದ್ದ. ಅದು ಫಂಗಸ್ ಅಲ್ಲ, ಕಲ್ಲು. ಅಡಿಗೆಮನೆ ನೆಲಕ್ಕೆ ಹಾಕಿರೋ ಷಹಾಬಾದ್ ಕಲ್ಲಲ್ಲಿ, ಮೊಟ್ಟೆಯ ಚಿಪ್ಪಲ್ಲಿ, ಅಮ್ಮನ ಕ್ಯಾಲ್ಸಿಯಂ ಮಾತ್ರೆಯಲ್ಲಿ ಇರೋದೂ ಅದೇ ವಸ್ತು. ಕ್ಯಾಲ್ಸಿಯಂ ಕಾರ್ಬೊನೇಟ್. ಕನ್ನಡದಲ್ಲಿ ಸುಣ್ಣದ ಕಲ್ಲು.

ಈ ಲೇಖನಕ್ಕೆ ಕೆಟಲ್ ಒಂದು ನೆಪ ಅಷ್ಟೇ. ಬರೆಯಲೇಬೇಕು ಅನ್ನಿಸಿದ ಕಾರಣ ಬೇರೆ ಇದೆ, ಅದನ್ನು ಕೊನೆಗೆ ಹೇಳ್ತೀನಿ. ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂನಲ್ಲಿ, ಹಾಗಾಗಿ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೂರು ಹೆಸರು, ಒಂದು ಚಕ್ರ

ಕನ್ನಡದಲ್ಲಿ ನಾವು ಎಲ್ಲದಕ್ಕೂ "ಸುಣ್ಣ" ಅಂತಲೇ ಹೇಳಿಬಿಡ್ತೀವಿ. ಆದರೆ ಅದರಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಇದನ್ನು ಬಿಡಿಸಿಕೊಂಡರೆ ಉಳಿದದ್ದೆಲ್ಲಾ ಸುಲಭ.

ಮೊದಲನೆಯದು ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ತಣ್ಣಗೆ, ಯಾರಿಗೂ ತೊಂದರೆ ಕೊಡದೆ ಭೂಮಿಯಲ್ಲಿ ಬಿದ್ದಿರೋ ಕಲ್ಲು. ಇದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತೆ. ಉಳಿಯೋದು ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್. ಇದು ಎರಡನೆಯದು. ಇದಕ್ಕೆ ನೀರು ಹಾಕಿದರೆ ಬುಸುಗುಟ್ಟುತ್ತೆ, ಅರಳುತ್ತೆ, ನೀರು ಕುದಿಯೋಷ್ಟು ಬಿಸಿ ಆಗುತ್ತೆ. ಆಮೇಲೆ ಸಿಗೋ ಬೆಣ್ಣೆಯಂಥ ಬಿಳಿ ಮುದ್ದೆಯೇ ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಲೆ ಅಡಿಕೆಗೆ ಹಚ್ಚೋದು, ಗೋಡೆಗೆ ಬಳಿಯೋದು ಇದನ್ನೇ.

ಕಥೆ ಅಲ್ಲಿಗೆ ಮುಗಿಯಲ್ಲ. ಗೋಡೆಗೆ ಬಳಿದ ಅರಳಿದ ಸುಣ್ಣ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡನ್ನು ನಿಧಾನಕ್ಕೆ ಎಳೆದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತೆ. ಅಂದರೆ ಕಲ್ಲನ್ನು ಸುಟ್ಟು, ಅರಳಿಸಿ, ಬಳಿದು, ಕೊನೆಗೆ ಗೋಡೆ ಮೇಲೆ ಮತ್ತೆ ಕಲ್ಲನ್ನೇ ಬೆಳೆಸುತ್ತಿದ್ದೇವೆ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಎರಡು ದಿನ ಮುಂಚೆಯೇ ಸುಣ್ಣ ಬಳಿದು ಮುಗಿಸಬೇಕಿತ್ತು. ಬಳಿದ ತಕ್ಷಣ ಗೋಡೆ ಮಂಕಾಗಿ ಕಾಣುತ್ತೆ, ಒಣಗಿ ಕಾರ್ಬೊನೇಟ್ ಆಗ್ತಾ ಹೋದ ಹಾಗೆ ಬೆಳ್ಳಗಾಗುತ್ತೆ. ಅಜ್ಜಿ ಇದನ್ನು "ಸುಣ್ಣ ಬಿಳಿ ಏರಬೇಕು" ಅಂತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿ ಇದನ್ನೇ ಸಮೀಕರಣ ಬರೆದು ಬ್ಯಾಲೆನ್ಸ್ ಮಾಡಿ ಎರಡು ಮಾರ್ಕ್ಸ್ ತಗೊಂಡಿದ್ದೆ. ಎರಡೂ ಒಂದೇ ಅಂತ ಆಗ ಹೊಳೆದಿರಲಿಲ್ಲ.

ಲೆಕ್ಕವೂ ಚೆಂದ. ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ 48. ಒಟ್ಟು ಸರಿಯಾಗಿ 100. ನೂರು ಕೆಜಿ ಶುದ್ಧ ಕಲ್ಲು ಸುಟ್ಟರೆ 56 ಕೆಜಿ ಸುಟ್ಟ ಸುಣ್ಣ, 44 ಕೆಜಿ ಕಾರ್ಬನ್ ಡೈಆಕ್ಸೈಡ್. ಈ 44 ಅನ್ನು ನೆನಪಿಟ್ಟುಕೊಳ್ಳಿ.

ಕೆಟಲ್ ಒಳಗಿನ ಕಲ್ಲು

ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬ್ ನೆನಪಿದೆಯಾ? ಇಡಿಟಿಎ ಟೈಟ್ರೇಶನ್, ವೈನ್ ರೆಡ್ ಇಂದ ನೀಲಿ. ನೀರಿನ ಗಡಸುತನ ಎಷ್ಟು ಅಂತ ಕಂಡುಹಿಡಿಯೋ ಪ್ರಯೋಗ. ಉತ್ತರವನ್ನು "ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್" ಅಂತ ಬರೆದೆವು. ನೀರಲ್ಲಿ ಮೆಗ್ನೀಷಿಯಂ ಇದ್ದರೂ ಹಾಗೇ ಬರೀತೀವಿ, ಯಾಕಂದ್ರೆ ಅಣುತೂಕ 100 ಇರೋದರಿಂದ ಲೆಕ್ಕ ಸಲೀಸು.

ಕುಡಿಯುವ ನೀರಿಗೆ ಬಿಐಎಸ್ ಹಾಕಿರೋ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದೇ ಇದ್ದರೆ 600ರವರೆಗೆ ಒಪ್ಪಬಹುದು. ಬೋರ್‌ವೆಲ್ ನೀರು ಕಲ್ಲಿನ ನಡುವೆ ಹರಿದು ಬರುವಾಗ ಅದರಲ್ಲಿ ಕರಗಿರೋ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಕಲ್ಲನ್ನು ಬೈಕಾರ್ಬೊನೇಟ್ ಮಾಡಿ ಕರಗಿಸಿಕೊಂಡು ಬರುತ್ತೆ. ಕಣ್ಣಿಗೆ ಕಾಣಲ್ಲ, ನೀರು ತಿಳಿಯಾಗೇ ಇರುತ್ತೆ. ನಾವು ಕಾಯಿಸಿದಾಗ ಆ ಕ್ರಿಯೆ ಉಲ್ಟಾ ಆಗಿ ಕಾರ್ಬೊನೇಟ್ ಕಲ್ಲಾಗಿ ತಳಕ್ಕೆ ಕೂರುತ್ತೆ. ಉಪ್ಪು, ಸಕ್ಕರೆ ಎಲ್ಲಾ ಬಿಸಿ ನೀರಲ್ಲಿ ಜಾಸ್ತಿ ಕರಗಿದರೆ, ಇದು ಬಿಸಿ ನೀರಲ್ಲಿ ಕರಗೋದು ಕಮ್ಮಿ.

ಒಂದು ಸಣ್ಣ ಅಂದಾಜು. ಲೀಟರಿಗೆ 200 ಮಿಲಿಗ್ರಾಂ ಹೊರಗೆ ಬಂತು ಅಂದುಕೊಳ್ಳಿ. ದಿನಕ್ಕೆ ಎರಡು ಲೀಟರ್, ವರ್ಷಕ್ಕೆ 300 ದಿನ. 120 ಗ್ರಾಂ ಆಯ್ತು. ಒಂದು ಕೆಟಲ್‌ಗೆ ಇದು ಸಣ್ಣ ತೂಕ ಅಲ್ಲ. ಗೀಸರ್ ಆದರೆ ಇನ್ನೂ ಎಷ್ಟೋ ಪಟ್ಟು. ಈ ಪದರಕ್ಕೆ ಲೋಹದಷ್ಟು ಶಾಖ ದಾಟಿಸೋ ಶಕ್ತಿ ಇಲ್ಲ. ಕಾಯಿಲ್‌ನ ಬಿಸಿ ನೀರಿಗೆ ಹೋಗದೆ ಕಾಯಿಲ್‌ನಲ್ಲೇ ಉಳಿದು ಕೊನೆಗೆ ಅದು ಸುಟ್ಟು ಹೋಗುತ್ತೆ. ನಮ್ಮ ಫ್ಲೋರ್‌ನಲ್ಲಿ ಪದೇ ಪದೇ ಗೀಸರ್ ಕೆಡೋದಕ್ಕೆ ನಾವು ಎಲೆಕ್ಟ್ರಿಷಿಯನ್ ಅಣ್ಣನ್ನ ಬೈಯ್ತಿದ್ದೆವು. ಪಾಪ, ತಪ್ಪು ನೀರಿಂದು.

ತೆಗೆಯೋದು ಸುಲಭ. ಪ್ಲಗ್ ತೆಗೆದು, ಕೆಟಲ್‌ಗೆ ನೀರು ಹಾಕಿ ಎರಡು ಚಮಚ ನಿಂಬೆ ಉಪ್ಪು ಅಥವಾ ಅರ್ಧ ಲೋಟ ವಿನೆಗರ್ ಹಾಕಿ ಒಂದು ಗಂಟೆ ಬಿಡಿ. ಗುಳ್ಳೆ ಬರ್ತಾ ಬರ್ತಾ ಪದರ ಕರಗುತ್ತೆ. ಆ ಗುಳ್ಳೆ ಕಾರ್ಬನ್ ಡೈಆಕ್ಸೈಡ್. ಆಮೇಲೆ ಎರಡು ಸಲ ಬರೀ ನೀರಲ್ಲಿ ತೊಳೆಯಿರಿ. ಮನೆಯಲ್ಲಿ ಷಹಾಬಾದ್ ಕಲ್ಲಿನ ಮೇಲೆ ನಿಂಬೆರಸ ಚೆಲ್ಲಿದರೆ ಕಲೆ ಉಳಿಯೋದು ಕೂಡ ಇದಕ್ಕೇ. ಅದು ಕಲೆ ಅಲ್ಲ, ಅಲ್ಲಿ ಕಲ್ಲೇ ಕರಗಿರುತ್ತೆ.

"ಈ ನೀರು ಕುಡಿದರೆ ಕಿಡ್ನಿಯಲ್ಲೂ ಹಿಂಗೇ ಕಲ್ಲಾಗುತ್ತಾ?" ಅಂತ ರೂಮ್‌ಮೇಟ್ ಕೇಳಿದ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಕೆಟಲ್ ಕಲ್ಲು ಕಾರ್ಬೊನೇಟ್. ಎರಡೂ ಬೇರೆ.

ಬಿಳಿ ಇದ್ದದ್ದೆಲ್ಲಾ ಸುಣ್ಣ ಅಲ್ಲ

ಕ್ಲಾಸಲ್ಲಿ ಬಳಸೋ ಚಾಕ್‌ಪೀಸ್ ಸುಣ್ಣದ ಕಲ್ಲು ಅಂತ ನಾನೂ ನಂಬಿದ್ದೆ. ಇಂಗ್ಲಿಷಲ್ಲಿ ಚಾಕ್ ಅನ್ನೋ ಹೆಸರಿನ ಕಲ್ಲು ನಿಜಕ್ಕೂ ಸುಣ್ಣದ ಕಲ್ಲೇ. ಆದರೆ ನಮ್ಮಲ್ಲಿ ಸಿಗೋ ಸಾಮಾನ್ಯ ಚಾಕ್‌ಪೀಸ್ ಹೆಚ್ಚಾಗಿ ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಸ್ಲೇಟಿನ ಬಳಪ ಇನ್ನೊಂದೇ ಕಲ್ಲು. ಬೇಲೂರು ಹಳೇಬೀಡಿನ ಶಿಲ್ಪ ಕೆತ್ತಿರೋ ಬಳಪದ ಕಲ್ಲಿನ ಜಾತಿ. ಯಾವುದು ಯಾವುದು ಅಂತ ತಿಳಿಯೋಕೆ ಮೇಲೆ ಒಂದು ಹನಿ ವಿನೆಗರ್ ಹಾಕಿ. ಗುಳ್ಳೆ ಬಂದರೆ ಕಾರ್ಬೊನೇಟ್.

ಕೆಲವು ಟೂತ್‌ಪೇಸ್ಟ್‌ಗಳಲ್ಲಿ ಉಜ್ಜೋ ಪುಡಿ ಇದೇ. ಮೋಸ್ ಮಾಪಕದಲ್ಲಿ ಇದರ ಗಡಸುತನ 3, ಹಲ್ಲಿನ ಎನಾಮಲ್ ಸುಮಾರು 5. ಹಾಗಾಗಿ ಕೊಳೆ ಹೋಗುತ್ತೆ, ಹಲ್ಲು ಸವೆಯಲ್ಲ. ಕಾಗದ, ಪೇಂಟ್, ಪಿವಿಸಿ ಪೈಪ್ ಎಲ್ಲದರಲ್ಲೂ ಫಿಲ್ಲರ್ ಆಗಿ ಇದೇ ಇರುತ್ತೆ. ಅಮ್ಮನ ಮಾತ್ರೆ ಪಟ್ಟಿಯ ಹಿಂದೆ "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ, ಕ್ಯಾಲ್ಸಿಯಂ 500 ಮಿಲಿಗ್ರಾಂ" ಅಂತ ಬರೆದಿರುತ್ತೆ. ನೂರಕ್ಕೆ ನಲವತ್ತು, ಲೆಕ್ಕ ಸರಿ ಹೋಯ್ತಲ್ಲ? ಊಟದ ಜೊತೆ ತಗೊಳ್ಳಿ ಅಂತ ಹೇಳೋದು ಇದು ಕರಗೋಕೆ ಹೊಟ್ಟೆಯ ಆಸಿಡ್ ಬೇಕು ಅಂತ.

ಗಾರೆಯಿಂದ ಸಿಮೆಂಟಿಗೆ

ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತಗೊಂಡಿದ್ದು 1824ರಲ್ಲಿ, ಇಂಗ್ಲೆಂಡಿನಲ್ಲಿ. ವಿಜಯಪುರದ ಗೋಳಗುಮ್ಮಟ ಅದಕ್ಕಿಂತ ಒಂದೂವರೆ ಶತಮಾನಕ್ಕೂ ಹಳೆಯದು. ಅದರ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ನಿಂತಿರೋದು ಸುಣ್ಣದ ಗಾರೆಯಲ್ಲಿ. ಹಳೆಯ ಕಾಲದ ಗಾರೆಯವರು ಸುಣ್ಣ, ಮರಳು ಸೇರಿಸಿ ಗಾಣದಲ್ಲಿ ಅರೆದು, ಅದಕ್ಕೆ ಬೆಲ್ಲ, ಅಳಲೆಕಾಯಿ ನೀರು ಹಾಕ್ತಿದ್ದರು.

ಆದರೆ ಬರೀ ಸುಣ್ಣಕ್ಕೆ ಒಂದು ತೊಂದರೆ ಇದೆ. ಅದು ಗಟ್ಟಿಯಾಗೋಕೆ ಗಾಳಿ ಬೇಕು, ನೀರೊಳಗೆ ಗಟ್ಟಿಯಾಗಲ್ಲ. ಹಾಗಾದರೆ ಅಣೆಕಟ್ಟು ಕಟ್ಟೋದು ಹೇಗೆ? 1911ರಲ್ಲಿ ಕೆಲಸ ಶುರುವಾದ ಕೆಆರ್‌ಎಸ್ ನೋಡಿ. ಸುದ್ದಿಯಲ್ಲಿ ಪ್ರತಿ ಮಳೆಗಾಲ "124.80 ಅಡಿ ತುಂಬಿತಾ" ಅಂತ ಕೇಳ್ತೀವಲ್ಲ, ಅದೇ. ಸರ್ ಎಂವಿ ಅವರ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರೋದು ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿದ್ದು. ಸುಟ್ಟ ಜೇಡಿಮಣ್ಣಿನಲ್ಲಿರೋ ಸಿಲಿಕಾ, ಅಲ್ಯುಮಿನಾ ಸುಣ್ಣದ ಜೊತೆ ನೀರಿನ ಸಮ್ಮುಖದಲ್ಲೇ ಕೂಡಿಕೊಂಡು ಗಟ್ಟಿಯಾಗುತ್ತೆ. ಸಿವಿಲ್ ಗೆಳೆಯರು ಇದನ್ನು ಪೊಜೊಲಾನಾ ಅಂತ ಓದಿರ್ತಾರೆ.

ಇವತ್ತು ಸುಣ್ಣದ ಕಲ್ಲು ಅತಿ ಹೆಚ್ಚು ಹೋಗೋದು ಸಿಮೆಂಟಿಗೆ. ನಮ್ಮ ರಾಜ್ಯದಲ್ಲಿ ಕಲಬುರಗಿ ಜಿಲ್ಲೆಯ ವಾಡಿ, ಷಹಾಬಾದ್, ಸೇಡಂ ಮತ್ತು ಬಾಗಲಕೋಟೆಯ ಕಡೆ ಈ ಕಲ್ಲಿನ ದೊಡ್ಡ ಪದರಗಳಿವೆ. ಕವಿರಾಜಮಾರ್ಗದ ಕಾಲದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಈಗಿನ ಮಳಖೇಡ, ಇವತ್ತು ಸಿಮೆಂಟ್ ಕಾರ್ಖಾನೆಯ ಊರು. ಕನ್ನಡ ಸಂಘದವರು ಮಳಖೇಡದ ಹೆಸರು ಹೇಳುವಾಗ ಇದನ್ನೂ ಸೇರಿಸಿಕೊಳ್ಳಬಹುದು.

ಈಗ ಆ 44ಕ್ಕೆ ಬರೋಣ. 50 ಕೆಜಿಯ ಒಂದು ಮೂಟೆ ಸಾದಾ ಒಪಿಸಿ ಸಿಮೆಂಟಿನಲ್ಲಿ ಸುಮಾರು 31 ಕೆಜಿಯಷ್ಟು ಕ್ಯಾಲ್ಸಿಯಂ ಆಕ್ಸೈಡ್ ಇರುತ್ತೆ. ಅದು ಕಲ್ಲಿಂದ ಬರಬೇಕಾದರೆ ಸುಮಾರು 24 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿರುತ್ತೆ. ಇದು ಕಲ್ಲಿನ ಒಳಗಿಂದ ಬಂದಿದ್ದು ಮಾತ್ರ; ಗೂಡಿನಲ್ಲಿ 1450 ಡಿಗ್ರಿಗೆ ಕಾಯಿಸೋಕೆ ಸುಟ್ಟ ಕಲ್ಲಿದ್ದಲಿನ ಲೆಕ್ಕ ಬೇರೆ. ಜಗತ್ತಿನಲ್ಲಿ ಮನುಷ್ಯರು ಬಿಡೋ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಶೇ. 7ರಿಂದ 8 ಸಿಮೆಂಟಿನದ್ದು. ಸೋಲಾರ್ ಹಾಕಿ ಗೂಡು ಕಾಯಿಸಿದರೂ ಆ 44 ಹೋಗಲ್ಲ, ಯಾಕಂದ್ರೆ ಅದು ಇಂಧನದ್ದಲ್ಲ, ಕಲ್ಲಿನದ್ದು. ಅದಕ್ಕೇ ಈಗ ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದ ಕಲ್ಲಿನ ಪುಡಿ ಸೇರಿಸಿ ಕ್ಲಿಂಕರ್ ಕಮ್ಮಿ ಮಾಡೋ ಎಲ್‌ಸಿ3 ಅನ್ನೋ ಸಿಮೆಂಟ್ ಬಂದಿದೆ. ನಮ್ಮ ಐಐಟಿಗಳೂ ಅದರಲ್ಲಿ ಕೆಲಸ ಮಾಡಿವೆ. ಸುಟ್ಟ ಜೇಡಿಮಣ್ಣು ಅಂದ ತಕ್ಷಣ ನನಗೆ ಕೆಆರ್‌ಎಸ್‌ನ ಸುರ್ಕಿ ನೆನಪಾಯ್ತು.

ತೋಟದಲ್ಲಿ, ತಟ್ಟೆಯಲ್ಲಿ

ನಮ್ಮೂರು ಸಾಗರದ ಕಡೆ. ಅಡಿಕೆ ತೋಟ. ಮಳೆಗಾಲ ಶುರುವಾಗೋ ಹೊತ್ತಿಗೆ ಕೊಳೆ ರೋಗಕ್ಕೆ ಬೋರ್ಡೋ ಹೊಡೀಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಬರೀ ಮೈಲುತುತ್ತು ಹೊಡೆದರೆ ಗಿಡವೇ ಸುಡುತ್ತೆ, ಸುಣ್ಣ ಅದರ ಆಮ್ಲ ಗುಣ ಕಳೆಯುತ್ತೆ. ಸುಣ್ಣ ಸಾಕಾಯ್ತಾ ಅಂತ ನೋಡೋಕೆ ಅಪ್ಪ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೀತಾರೆ. ಕತ್ತಿ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡುವಾಗಿದೆ, ಸುಣ್ಣ ಇನ್ನಷ್ಟು ಬೇಕು ಅಂತ ಅರ್ಥ. ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್! ಅಪ್ಪ ಆ ಹೆಸರು ಕೇಳಿಲ್ಲ, ಆದರೆ ಪ್ರತಿ ವರ್ಷ ಮಾಡ್ತಾರೆ.

ಮನೆಗೆ ಬಂದವರಿಗೆ ಎತ್ತೋ ಆರತಿಯ ಕೆಂಪು ನೀರೂ ಅರಿಶಿನಕ್ಕೆ ಸುಣ್ಣ ಹಾಕಿ ಮಾಡಿದ್ದು. ಅರಿಶಿನದಲ್ಲಿರೋ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತೆ. ನಮ್ಮ ಲ್ಯಾಬಿನ ಲಿಟ್ಮಸ್ ಕಾಗದದ ಕೆಲಸವನ್ನೇ ಅರಿಶಿನವೂ ಮಾಡುತ್ತೆ. ಇನ್ನು ಊಟ ಆದಮೇಲೆ ಕವಳದ ತಟ್ಟೆ. ಅದರಲ್ಲಿ ಅಜ್ಜಿಯ ಸುಣ್ಣದ ಡಬ್ಬಿ.

ಆ ದಿನ

ಈಗ ಕಾರಣಕ್ಕೆ ಬರ್ತೀನಿ. ಎರಡು ವರ್ಷದ ಹಿಂದೆ, ನಾನು ಸೆಕೆಂಡ್ ಪಿಯುಸಿ. ಊರಲ್ಲಿ ಯಾವುದೋ ಕಾರ್ಯಕ್ಕೆ ಎಲ್ಲಾ ಸೇರಿದ್ದೆವು. ಡಬ್ಬಿಯಲ್ಲಿ ಸುಣ್ಣ ಮುಗಿದಿದೆ ಅಂತ ಯಾರೋ ಅಂಗಡಿಯ ಪ್ಲಾಸ್ಟಿಕ್ ಸುಣ್ಣದ ಪ್ಯಾಕೆಟ್ ತಂದಿದ್ದರು. ಚಿಕ್ಕಪ್ಪನ ಮಗ, ಐದು ವರ್ಷದವನು, ಅದನ್ನು ಜಗಲಿಯಲ್ಲಿ ಕೂತು ಎರಡೂ ಕೈಯಲ್ಲಿ ಹಿಚುಕಿದ. ಪ್ಯಾಕೆಟ್ ಒಡೆದು ಸುಣ್ಣ ನೇರ ಅವನ ಬಲಗಣ್ಣಿಗೆ ಹಾರಿತು.

ಅವನು ಕಿರುಚಿದ ರೀತಿ ನನಗೆ ಈಗಲೂ ಕೇಳುತ್ತೆ. ಒಬ್ಬರು "ಹರಳೆಣ್ಣೆ ಬಿಡಿ" ಅಂದರು. ಇನ್ನೊಬ್ಬರು "ತುಪ್ಪ ತನ್ನಿ" ಅಂದರು. ಇನ್ಯಾರೋ "ಕಾರು ತೆಗೀರಿ, ಮೊದಲು ಆಸ್ಪತ್ರೆ" ಅಂದರು. ನಾನು ಅಲ್ಲೇ ನಿಂತಿದ್ದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ದ್ರಾವಣದ ಪಿಎಚ್ ಸುಮಾರು 12.4 ಅಂತ ನನಗೆ ಬಾಯಿಪಾಠ ಇತ್ತು. ಆದರೆ "ಸುಣ್ಣ" ಅಂದಾಗ ಅದು ತಲೆಗೆ ಬರಲೇ ಇಲ್ಲ. ನನ್ನ ತಲೆಯಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಂಗ್ಲಿಷ್ ಟೆಕ್ಸ್ಟ್‌ಬುಕ್ಕಿನ ಒಳಗಿತ್ತು, ಸುಣ್ಣ ಅಜ್ಜಿಯ ತಟ್ಟೆಯಲ್ಲಿತ್ತು. ಎರಡೂ ಒಂದೇ ಅಂತ ಹೊಳೆಯೋಕೆ ಬೇಕಾದ ಆ ಒಂದು ನಿಮಿಷ ಅವನ ಕಣ್ಣಿಗೆ ದುಬಾರಿ.

ಹತ್ತನೇ ಕ್ಲಾಸೂ ಓದದ ದೊಡ್ಡಮ್ಮ ಓಡಿ ಬಂದು "ಉಜ್ಜಬೇಡ ಮಗಾ, ಉಜ್ಜಬೇಡ" ಅಂತ ಅವನನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ನಲ್ಲಿ ಕೆಳಗೆ ತಲೆ ಹಿಡಿದರು. ಅವನು ಒದೀತಿದ್ದ. ಆಗ ನನಗೆ ಕಾಲು ಬಂತು. ನಾನು ರೆಪ್ಪೆ ಬಿಡಿಸಿ ಹಿಡಿದುಕೊಂಡೆ. ಸುಮಾರು ಅರ್ಧ ಗಂಟೆ ನೀರು ಬಿಟ್ಟೆವು, ಆಮೇಲೆ ಆಸ್ಪತ್ರೆ. ಡಾಕ್ಟರು ರೆಪ್ಪೆ ಮಡಚಿ ಒಳಗೆ ಅಂಟಿದ್ದ ಕಣಗಳನ್ನು ತೆಗೆದರು. "ತೊಳೆಯದೆ ಬಂದಿದ್ದರೆ ಕಷ್ಟ ಇತ್ತು" ಅಂದರು. ಇವತ್ತು ಅವನಿಗೆ ಆ ಕಣ್ಣು ಕಾಣುತ್ತೆ, ಸ್ವಲ್ಪ ಮಂಜು. ಕನ್ನಡಕ ಇದೆ.

ಸುಣ್ಣ ಯಾಕೆ ಇಷ್ಟು ಅಪಾಯ? ಆಸಿಡ್ ಬಿದ್ದರೆ ಕಣ್ಣಿನ ಮೇಲ್ಪದರದ ಪ್ರೋಟೀನು ಗಟ್ಟಿಯಾಗಿ ಸ್ವಲ್ಪ ಮಟ್ಟಿಗೆ ತಡೆ ಆಗುತ್ತೆ. ಕ್ಷಾರ ಹಾಗಲ್ಲ, ಜೀವಕೋಶದ ಕೊಬ್ಬನ್ನೇ ಸೋಪು ಮಾಡುತ್ತಾ ಒಳಗೆ ಇಳಿಯುತ್ತೆ. ಜೊತೆಗೆ ಸುಣ್ಣದ ಕಣ ರೆಪ್ಪೆ ಸಂದಿಯಲ್ಲಿ ಕೂತು ನಿಧಾನಕ್ಕೆ ಕರಗ್ತಾ ಸುಡ್ತಾನೇ ಇರುತ್ತೆ.

ಆದ್ದರಿಂದ ಇದನ್ನು ದಯವಿಟ್ಟು ನೆನಪಿಡಿ, ಮನೆಗೆ ಹೋದಾಗ ಹೇಳಿ:

ಸುಣ್ಣ ಕಣ್ಣಿಗೆ ಬಿದ್ದರೆ ಮೊದಲು ನೀರು, ಆಮೇಲೆ ಆಸ್ಪತ್ರೆ. ಯಾವ ಶುದ್ಧ ನೀರು ಸಿಕ್ಕರೂ ಆಗುತ್ತೆ.

ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20-30 ನಿಮಿಷ ನೀರು ಹರಿಸಿ. ತೊಳೆದ ನೀರು ಇನ್ನೊಂದು ಕಣ್ಣಿಗೆ ಹೋಗದಂತೆ ತಲೆ ವಾಲಿಸಿ.

ಉಜ್ಜಬೇಡಿ. ಎಣ್ಣೆ, ತುಪ್ಪ, ಹಾಲು ಏನೂ ಬೇಡ.

ನಾವು ಇಂಜಿನಿಯರಿಂಗ್ ಓದೋರು "ನ್ಯೂಟ್ರಲೈಸ್ ಮಾಡೋಣ" ಅಂತ ನಿಂಬೆರಸ, ವಿನೆಗರ್ ಹಾಕೋ ಬುದ್ಧಿವಂತಿಕೆ ತೋರಿಸಬಾರದು. ಅದು ಕೆಟಲ್‌ಗೆ, ಕಣ್ಣಿಗಲ್ಲ. ಗಾಯ ಇನ್ನೂ ಹೆಚ್ಚುತ್ತೆ.

ನೋವು ಕಮ್ಮಿ ಆಯ್ತು ಅಂತ ಬಿಡಬೇಡಿ. ಕಣ್ಣಿನ ಡಾಕ್ಟರಿಗೆ ತೋರಿಸಿ, ಬಿದ್ದಿದ್ದು ಸುಣ್ಣ ಅಂತ ಹೇಳಿ.

ಸಿವಿಲ್‌ನವರು ಸೈಟಿಗೆ ಹೋದಾಗ ಹಸಿ ಸಿಮೆಂಟ್ ಹಾರಿದರೂ ಇದೇ ನಿಯಮ. ಅದರಲ್ಲೂ ಇರೋದು ಇದೇ ಸುಣ್ಣ. ಹಾಗೇ, ಮಕ್ಕಳ ಕೈಗೆ ಸಿಗೋ ಕಡೆ ಸುಣ್ಣದ ಪ್ಯಾಕೆಟ್ ಇಡಬೇಡಿ. "ಕ್ಯಾಲ್ಸಿಯಂಗೆ ದಿನಾ ಸ್ವಲ್ಪ ಸುಣ್ಣ ತಿನ್ನಿ" ಅನ್ನೋ ವಾಟ್ಸಪ್ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಮಾತ್ರೆಯಲ್ಲಿರೋದು ಕಾರ್ಬೊನೇಟ್, ಡಬ್ಬಿಯಲ್ಲಿರೋದು ಹೈಡ್ರಾಕ್ಸೈಡ್. ಹೆಸರು ಎರಡಕ್ಕೂ ಸುಣ್ಣ ಆದರೂ ಗುಣ ಬೇರೆ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನೋ ಗಾದೆಯನ್ನು ನಾವು ಇಂಟರ್ನಲ್ಸ್ ಮಾರ್ಕ್ಸ್ ಬಂದಾಗೆಲ್ಲಾ ಹೇಳ್ತೀವಿ. ಕಣ್ಣಿಗೆ ಸುಣ್ಣ ಅಂದರೆ ಏನು ಅಂತ ಆ ಗಾದೆ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ. ನನಗೆ ಗೊತ್ತಾಗಿದ್ದು ಆ ಜಗಲಿಯಲ್ಲಿ.

ಈ ಸಲ ರಜೆಗೆ ಹೋದಾಗ ಅಜ್ಜಿಗೆ ಮುಚ್ಚಳ ಗಟ್ಟಿ ಇರೋ ಒಂದು ಸ್ಟೀಲ್ ಡಬ್ಬಿ ತಗೊಂಡು ಹೋಗ್ತಿದ್ದೀನಿ. ಅದರ ಮೇಲೆ ಮಾರ್ಕರ್‌ನಲ್ಲಿ "ಸುಣ್ಣ, ಪಿಎಚ್ 12.4" ಅಂತ ಬರೆದಾಗಿದೆ. ಅಜ್ಜಿ ನಗ್ತಾರೆ, ಪರವಾಗಿಲ್ಲ.